ಮೊದಲು ನೆಲ, ಆಮೇಲೆ ಆಕಾಶ: ಹಿತ್ತಲಲ್ಲಿ ನೀಹಾರಿಕೆಗಳ ಫೋಟೋ ತೆಗೆದ ನನ್ನ ಅನುಭವ

ರಾತ್ರಿ ಹತ್ತೂವರೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರ್ತಿದೆ ಅಂತ ಅಮ್ಮ ಸಂಪ್ ಮೋಟಾರ್ ಹಾಕಿದರು. ಹಿತ್ತಲಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅಷ್ಟು ಹೊತ್ತು ಸಮನಾಗಿ ಓಡುತ್ತಿದ್ದ ಗೈಡಿಂಗ್ ಗೆರೆ (ಟೆಲಿಸ್ಕೋಪ್ ನಕ್ಷತ್ರದಿಂದ ಎಷ್ಟು ಸರಿಯಿತು ಅಂತ ತೋರಿಸುವ ಗೆರೆ) ಇದ್ದಕ್ಕಿದ್ದ ಹಾಗೆ ಗರಗಸದ ಹಲ್ಲಿನಂತಾಯಿತು. ಟ್ಯಾಂಕ್ ತುಂಬಿತು, ಮೋಟಾರ್ ನಿಂತಿತು, ಗೆರೆ ಮತ್ತೆ ತಣ್ಣಗಾಯಿತು. ಅಲ್ಲಿಯವರೆಗೆ ಎರಡು ವರ್ಷ ನಾನು ಬೈದದ್ದು ಊರಿನ ದೀಪಗಳನ್ನು. ನನ್ನ ಫೋಟೋಗಳನ್ನು ಕೆಡಿಸುತ್ತಿದ್ದದ್ದು ಕಾಲ ಕೆಳಗಿನ ನೆಲ ಅಂತ ಗೊತ್ತಾಗಿದ್ದು ಅವತ್ತು.

ನಮ್ಮ ಮನೆ ಮೈಸೂರಿನ ಪಶ್ಚಿಮಕ್ಕೆ, ಬೋಗಾದಿ ಕಡೆ. ಹಿತ್ತಲು ಅಂದರೆ ಹನ್ನೆರಡು ಅಡಿ ಅಗಲದ ಜಾಗ. ಒಂದು ತೆಂಗು, ಒಂದು ಕರಿಬೇವು, ಬಟ್ಟೆ ಒಗೆಯೋ ಕಲ್ಲು. ಪೂರ್ವಕ್ಕೆ ಇಡೀ ಊರಿನ ಬೆಳಕು. ಹಾಗಾಗಿ ಯಾವ ನೀಹಾರಿಕೆಯೇ (ಆಕಾಶದ ಅನಿಲ, ಧೂಳಿನ ಮೋಡ) ಇರಲಿ, ಅದು ನೆತ್ತಿಗೆ ಬಂದ ಮೇಲೆಯೇ ಶುರು ಮಾಡುತ್ತೇನೆ. ಅಲ್ಲಿಂದ ಪಶ್ಚಿಮಕ್ಕೆ ಇಳಿಯುವಾಗ ಆಕಾಶ ಸ್ವಲ್ಪ ಕಪ್ಪಗಿರುತ್ತದೆ.

ಟೆಲಿಸ್ಕೋಪ್ ಎಂಟು ಇಂಚಿನ ಶ್ಮಿಟ್ ಕ್ಯಾಸಿಗ್ರೇನ್, ಫೋಕಲ್ ಲೆಂತ್ (ಹೆಚ್ಚಿದಷ್ಟೂ ಚಿತ್ರ ದೊಡ್ಡದು) 2032 ಮಿ.ಮೀ. ಅದನ್ನು ಕುಗ್ಗಿಸುವ ರೆಡ್ಯೂಸರ್ ಮಸೂರ ಹಾಕಿದರೆ 1280ಕ್ಕೆ ಇಳಿಯುತ್ತದೆ. ನನ್ನ ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. ಅಂದರೆ 1280ರಲ್ಲೂ ಒಂದು ಪಿಕ್ಸೆಲ್‌ಗೆ ಸಿಗುವುದು ಆಕಾಶದ 0.6 ಆರ್ಕ್‌ಸೆಕೆಂಡ್ ಮಾತ್ರ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಇದು ಎಷ್ಟು ಸಣ್ಣದು ಅಂತ ಮನಸ್ಸಿಗೆ ಬರಬೇಕಾದರೆ ಹತ್ತು ರೂಪಾಯಿ ನಾಣ್ಯ ನೆನೆಸಿಕೊಳ್ಳಿ. ಅದನ್ನು ಐದೂವರೆ ಕಿಲೋಮೀಟರ್ ದೂರದಲ್ಲಿ ಹಿಡಿದರೆ ಒಂದು ಆರ್ಕ್‌ಸೆಕೆಂಡ್ ಅಗಲ ಕಾಣುತ್ತದೆ. ಭೂಮಿ ತಿರುಗುವುದರಿಂದ ಆಕಾಶ ಪ್ರತಿ ಸೆಕೆಂಡಿಗೆ ಅಂಥ ಹದಿನೈದು ಅಗಲ ಜಾರುತ್ತದೆ. ಐದು ನಿಮಿಷದ ಎಕ್ಸ್‌ಪೋಷರ್ ಪೂರ್ತಿ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಆ ಜಾರಿಕೆಯನ್ನು ಒಂದು ನಾಣ್ಯದೊಳಗೆ ಹಿಡಿದಿಡಬೇಕು. ನಾನು ಟ್ರೈಪಾಡ್ ಇಟ್ಟಿದ್ದು ಸಂಪ್ ಪಕ್ಕದ ತೆಳು ಕಾಂಕ್ರೀಟ್ ಮೇಲೆ. ಮೋಟಾರ್ ಇರಲಿ, ನಾನು ಎದ್ದು ಚಹಾ ತರಲು ಹೋದರೂ ಗೆರೆ ಹಾರುತ್ತಿತ್ತು.

ಟ್ರೈಪಾಡ್ ಬದಲು ಟೆಲಿಸ್ಕೋಪ್ ಕೂರಿಸಲು ಒಂದು ಕಾಂಕ್ರೀಟ್ ಕಂಬ ಹಾಕಿಸೋಣ ಅಂತ ತೀರ್ಮಾನ ಮಾಡಿದೆ. ಗುಂಡಿ ತೋಡಲು ಗುರುತು ಹಾಕಿದ್ದು ನೋಡಿ ಮೇಸ್ತ್ರಿ, "ತುಳಸಿ ಕಟ್ಟೆಗಾ ಮೇಡಂ? ಅದಕ್ಕೆ ಇಷ್ಟೊಂದು ಆಳ ಬೇಡ" ಅಂದರು. ವಿಷಯ ಹೇಳಿದೆ. ಅಲುಗಾಡಬಾರದು, ಕೂದಲೆಳೆಯಷ್ಟೂ ಅಲುಗಾಡಬಾರದು ಅಂದೆ. ಅವರು ಗುಂಡಿಯೊಳಗೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಪುಡಿ ಮಾಡಿ ತೋರಿಸಿದರು. "ಇದು ತುಂಬ್ಸಿರೋ ಮಣ್ಣು ಮೇಡಂ, ಸೈಟ್ ಲೆವೆಲ್ ಮಾಡುವಾಗ ಹಾಕಿದ್ದು. ಗಟ್ಟಿ ನೆಲ ಸಿಗೋವರ್ಗೂ ಹೋಗೋಣ." ನಾನು ಎರಡಡಿ ಸಾಕು ಅಂದುಕೊಂಡಿದ್ದೆ. ಗಟ್ಟಿ ಕೆಂಪು ನೆಲ ಸಿಕ್ಕಿದ್ದು ಮೂರೂವರೆ ಅಡಿಗೆ. ಆ ಒಂದೂವರೆ ಅಡಿ ಅವರ ಅನುಭವ. ಅದಿಲ್ಲದಿದ್ದರೆ ಮೊದಲ ಮಳೆಗೇ ಕಂಬ ವಾಲುತ್ತಿತ್ತು.

ಕಂಬಿ ಕಟ್ಟಿ, ಹತ್ತು ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ, ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಕಲಸಿ ತುಂಬಿದೆವು. ನೆಲದಿಂದ ಮೇಲೆ ಮೂರಡಿ. ತಲೆಯಲ್ಲಿ ನಾಲ್ಕು ಬೋಲ್ಟ್, ಅದರ ಮೇಲೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯಲ್ಲಿ ಕೊರೆಸಿದ ದಪ್ಪ ಕಬ್ಬಿಣದ ಪ್ಲೇಟ್. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಒಂದಿತ್ತು. ಕಂಬದ ಸುತ್ತ ಹಳೇ ಕಾಂಕ್ರೀಟ್ ನೆಲವನ್ನು ಒಂದಿಂಚು ಕತ್ತರಿಸಿ, ಆ ಸಂದಿಗೆ ಬರೀ ಮರಳು ತುಂಬಿಸಿದೆವು. ನಾವು ಓಡಾಡುವ ನೆಲ ಕಂಬಕ್ಕೆ ಎಲ್ಲೂ ತಾಗಬಾರದು. ಇಪ್ಪತ್ತೊಂದು ದಿನ ಗೋಣಿಚೀಲ ಸುತ್ತಿ ಬೆಳಗ್ಗೆ ಸಂಜೆ ನೀರು ಹಾಕಿದೆ.

ಮೊದಲು ಒಂದೂವರೆ ಎರಡು ಆರ್ಕ್‌ಸೆಕೆಂಡ್ ಇದ್ದ ಗೈಡಿಂಗ್ ತಪ್ಪು, ಕಂಬದ ಮೇಲೆ ಮೊದಲ ರಾತ್ರಿಯೇ 0.7ಕ್ಕೆ ಇಳಿಯಿತು. ಮೌಂಟ್ ಅದೇ, ಟೆಲಿಸ್ಕೋಪ್ ಅದೇ. ಅಮ್ಮನಿಗೆ ಮೋಟಾರ್ ಹಾಕಲು ಹೇಳಿ ನೋಡಿದೆ. ಗೆರೆ ಮಿಸುಕಲಿಲ್ಲ.

ಕಂಬದಿಂದ ಇನ್ನೊಂದು ತಲೆನೋವೂ ಹೋಯಿತು. ಮೈಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ. ಮೌಂಟ್ ತಿರುಗುವ ಅಕ್ಷ ಆಕಾಶದ ಧ್ರುವದ ಕಡೆಗೇ ನೆಟ್ಟಿರಬೇಕು, ಹಾಗಾಗಿ ಇಲ್ಲಿ ಅದು ಹೆಚ್ಚು ಕಡಿಮೆ ಮಲಗಿದ ಹಾಗಿರುತ್ತದೆ. ಟೆಲಿಸ್ಕೋಪಿನ ಭಾರ ಸರಿದೂಗಿಸುವ ತೂಕದ ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ತಾಗುತ್ತಿತ್ತು. ಈಗ ತಾಗಲ್ಲ. ಧ್ರುವ ನಕ್ಷತ್ರವೂ ಅಷ್ಟೇ ಕೆಳಗೆ, ಹನ್ನೆರಡು ಡಿಗ್ರಿ ಎತ್ತರದಲ್ಲಿ. ನಮಗಂತೂ ಪಕ್ಕದ ಮನೆಯ ಮಹಡಿ ಅಡ್ಡ. ಅದಕ್ಕೆ ನಕ್ಷತ್ರ ಎತ್ತ ಜಾರುತ್ತದೆ ಅಂತ ನೋಡಿ ಅಕ್ಷ ಸರಿಮಾಡುವ ಡ್ರಿಫ್ಟ್ ವಿಧಾನ ಕಲಿತೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯಲ್ಲಿ ಮಿಂಟಾಕಾ ಅನ್ನುವ ನಕ್ಷತ್ರ ಇದೆಯಲ್ವಾ, ಅದು ಆಕಾಶದ ಸಮಭಾಜಕದ ಮೇಲೇ ಕೂತಂತಿದೆ. ಅದು ನೆತ್ತಿಯ ಗೆರೆ ದಾಟುವ ಹೊತ್ತಿಗೆ ಗೈಡಿಂಗ್ ನಿಲ್ಲಿಸಿ ಸುಮ್ನೆ ನೋಡಬೇಕು. ದಕ್ಷಿಣಕ್ಕೆ ಜಾರಿದರೆ ಅಕ್ಷದ ತುದಿ ಪೂರ್ವಕ್ಕೆ ಜಾಸ್ತಿ ತಿರುಗಿದೆ ಅಂತ ಅರ್ಥ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಅದು ಸರಿಹೋದ ಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ಒಂದು ನಕ್ಷತ್ರ ಹಿಡಿಯಬೇಕು. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕಾದರೆ ಎತ್ತರವಾಗಿದೆ. ಟ್ರೈಪಾಡ್ ಇದ್ದಾಗ ಪ್ರತಿ ರಾತ್ರಿ ಇದಕ್ಕೇ ಒಂದು ಗಂಟೆ ಹೋಗುತ್ತಿತ್ತು. ಕಂಬದ ಮೇಲೆ ಒಂದು ಸಲ ಕೂರಿಸಿದ್ದು ಇಂದಿಗೂ ಹಾಗೇ ಇದೆ.

ಇಷ್ಟಾದರೂ ನಕ್ಷತ್ರಗಳು ಮೊಟ್ಟೆ ಆಕಾರಕ್ಕೆ ಬರುತ್ತಿದ್ದವು. ಗೆರೆ ನೋಡಿದರೆ ಚೆನ್ನಾಗಿದೆ, ಫೋಟೋ ನೋಡಿದರೆ ಮೊಟ್ಟೆ. ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಒಂದೇ ರಾತ್ರಿಯ ಮೊದಲ ಫ್ರೇಮ್ ಮತ್ತು ಮೂವತ್ತನೇ ಫ್ರೇಮ್ ಒಂದರ ಮೇಲೊಂದು ಇಟ್ಟು ನೋಡಿದೆ. ಇಡೀ ಚಿತ್ರವೇ ಒಂದು ಕಡೆಗೆ ನಿಧಾನವಾಗಿ ತೆವಳಿತ್ತು. ಈ ಬಗೆಯ ಟೆಲಿಸ್ಕೋಪಿನಲ್ಲಿ ಫೋಕಸ್ ಮಾಡಲು ದೊಡ್ಡ ಕನ್ನಡಿಯೇ ಹಿಂದೆ ಮುಂದೆ ಸರಿಯುತ್ತದೆ. ಹಾಗಾಗಿ ಕೊಳವೆ ವಾಲಿದಂತೆ ಕನ್ನಡಿಯೂ ಒಂಚೂರು ವಾಲುತ್ತದೆ. ನಕ್ಷತ್ರದ ಮೇಲೆ ಕಣ್ಣಿಡಲು ಮೇಲೆ ಕಟ್ಟಿದ್ದ ಸಣ್ಣ ಗೈಡ್ ಟೆಲಿಸ್ಕೋಪಿಗೆ ಅದು ಗೊತ್ತಾಗುವುದೇ ಇಲ್ಲ. ಆಫ್ ಆಕ್ಸಿಸ್ ಗೈಡರ್ ತಂದು ಹಾಕಿದೆ. ಅದರ ಪುಟ್ಟ ಪ್ರಿಸಂ ಮುಖ್ಯ ಕನ್ನಡಿಯ ಬೆಳಕಿನಲ್ಲೇ ಒಂದು ಚೂರು ತೆಗೆದುಕೊಳ್ಳುತ್ತದೆ. ಮೊಟ್ಟೆಗಳು ದುಂಡಗಾದವು. ಫೋಕಲ್ ಲೆಂತ್ 1000 ಮಿ.ಮೀ. ದಾಟುವ ಯಾರಿಗೇ ಆಗಲಿ, ಬೇರೆ ಗೈಡ್ ಟೆಲಿಸ್ಕೋಪಿಗೆ ದುಡ್ಡು ಹಾಕಬೇಡಿ ಅಂತ ನಾನು ಹೇಳುತ್ತೇನೆ.

ಇನ್ನು ಬೆಳಕಿನ ವಿಷಯ. ಇದು ಭಯಪಟ್ಟಷ್ಟು ಕಷ್ಟ ಇರಲಿಲ್ಲ, ಯಾಕೆಂದರೆ ಅನೇಕ ನೀಹಾರಿಕೆಗಳು ಹೊಳೆಯುವುದು ಕೆಲವೇ ಬಣ್ಣಗಳಲ್ಲಿ. 1864ರಲ್ಲಿ ಖಗೋಳಜ್ಞ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಬಿಡಿಸಿ ನೋಡಿದಾಗ ಕಾಮನಬಿಲ್ಲಿನ ಬದಲು ಬರೀ ಗೆರೆಗಳು ಕಂಡವು. ಅದು ಅನಿಲ ಅಂತ ಅವರಿಗೆ ಗೊತ್ತಾಯಿತು. ಅದರಲ್ಲಿನ ಹಸಿರು ಗೆರೆ ಯಾವುದರದ್ದು ಅಂತ ಯಾರಿಗೂ ತಿಳಿಯದೆ ನೆಬ್ಯುಲಿಯಂ ಎಂಬ ಹೊಸ ಮೂಲವಸ್ತುವನ್ನೇ ಊಹಿಸಿದ್ದರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಅಂತ 1927ರಲ್ಲಿ ಐರಾ ಬೋವನ್ ತೋರಿಸಿದರು. ನನ್ನ ಫಿಲ್ಟರ್ ಬಿಡುವುದು ಆ 500.7 ನ್ಯಾನೋಮೀಟರ್ ಹಸಿರಿನ ಸುತ್ತಲನ್ನು ಮತ್ತು ಜಲಜನಕದ 656.3ರ ಕೆಂಪಿನ ಸುತ್ತಲನ್ನು ಮಾತ್ರ. ಬೀದಿಯ ಎಲ್‌ಇಡಿ ಬೆಳಕು ಎಲ್ಲಾ ಬಣ್ಣಕ್ಕೂ ಹರಡಿಕೊಂಡಿರುವುದರಿಂದ ಅದರ ಬಹುಪಾಲು ಹೊರಗೇ ಉಳಿಯುತ್ತದೆ. ಊರಿನ ಬೆಳಕನ್ನು ಹೀಗೆ ಜರಡಿ ಹಿಡಿಯಬಹುದು. ಅಲುಗಾಟವನ್ನು ಜರಡಿ ಹಿಡಿಯೋಕೆ ಆಗಲ್ಲ. ಕೃತ್ತಿಕೆಯ ಸುತ್ತಲಿನ ನೀಲಿ ಮಂಜಿಗೆ ಮಾತ್ರ ಈ ಫಿಲ್ಟರ್ ಪ್ರಯೋಜನವಿಲ್ಲ. ಅದು ನಕ್ಷತ್ರದ ಬೆಳಕನ್ನೇ ಮರಳಿ ಎರಚುವ ಧೂಳು. ಅದಕ್ಕೆ ನಾಗಮಂಗಲದ ಹತ್ತಿರದ ನೆಂಟರ ತೋಟಕ್ಕೇ ಹೋಗುತ್ತೇನೆ.

ಪಕ್ಕದ ಮನೆಯ ಹಿಂಬದಿ ಬಲ್ಬ್ ನೇರ ಕೊಳವೆಯೊಳಗೆ ಬೀಳುತ್ತಿತ್ತು. "ರಾತ್ರಿ ಆರಿಸ್ತೀರಾ ಆಂಟಿ?" ಅಂತ ಕೇಳಿದೆ. "ಕಳ್ಳರ ಭಯ ಕಣಮ್ಮ" ಅಂದರು. ಅವರು ಹೇಳಿದ್ದೂ ನ್ಯಾಯವೇ. ಯಾರಾದರೂ ಓಡಾಡಿದರೆ ಮಾತ್ರ ಹತ್ತುವ ಸೆನ್ಸರ್ ದೀಪ ತಂದು ನಾನೇ ಹಾಕಿಸಿಕೊಟ್ಟೆ. ಇಬ್ಬರಿಗೂ ನೆಮ್ಮದಿ. ಹೊಗೆಗೆ ಮಾತ್ರ ಉಪಾಯವಿಲ್ಲ. ದೀಪಾವಳಿ ಅಮಾವಾಸ್ಯೆ ಮತ್ತು ಸಂಕ್ರಾಂತಿಯ ಕಿಚ್ಚಿನ ರಾತ್ರಿ ನಾನು ಮುಚ್ಚಳ ತೆಗೆಯುವುದಿಲ್ಲ.

ಕಳೆದ ಚಳಿಗಾಲ ಪೂರ್ತಿ ಕುದುರೆ ತಲೆ ನೀಹಾರಿಕೆಗೆ ಕೊಟ್ಟೆ. ಆರು ರಾತ್ರಿ, 300 ಸೆಕೆಂಡಿನ 168 ಫ್ರೇಮ್, ಒಟ್ಟು 14 ಗಂಟೆ. ಇಬ್ಬನಿಗೆ ಯೋಗಾ ಮ್ಯಾಟ್ ಸುತ್ತಿದ ಮುಂಗೊಳವೆ ಮತ್ತು ಹೀಟರ್ ಪಟ್ಟಿ, ಗಂಟೆಗೊಮ್ಮೆ ಮತ್ತೆ ಫೋಕಸ್. ಮೊದಲ ಒಂದು ಗಂಟೆಯ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಆ ರವೆಯನ್ನು ಅರ್ಧ ಮಾಡಲು ನಾಲ್ಕು ಗಂಟೆ ಬೇಕು, ಇನ್ನೂ ಅರ್ಧಕ್ಕೆ ಹದಿನಾರು. ಹದಿನಾಲ್ಕಕ್ಕೆ ಕುದುರೆಯ ಕುತ್ತಿಗೆಯ ಅಂಚಿನಲ್ಲಿ ಕೆಂಪು ನೂಲಿನಂಥ ಒಂದು ಗೆರೆ ಎದ್ದು ಬಂತು. ಈ ನೀಹಾರಿಕೆಯನ್ನು ಮೊದಲು ಗುರುತಿಸಿದವರು ವಿಲಿಯಮಿನಾ ಫ್ಲೆಮಿಂಗ್, 1888ರಲ್ಲಿ, ಹಾರ್ವರ್ಡ್‌ನ ಗಾಜಿನ ಫೋಟೋ ಫಲಕದ ಮೇಲೆ. ಅದಕ್ಕೂ ಮುಂಚೆ ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಮನೆಗೆಲಸಕ್ಕಿದ್ದ ಹೆಂಗಸು. ಪರದೆಯ ಮೇಲೆ ಆ ಕಪ್ಪು ತಲೆ ನೋಡುತ್ತಾ ಅವರ ಬಗ್ಗೆ ಅಮ್ಮನಿಗೆ ಹೇಳಿದೆ. ಅಮ್ಮ ತುಂಬಾ ಹೊತ್ತು ನೋಡಿ, "ಇಷ್ಟು ಸಣ್ಣದನ್ನ ಆಯಮ್ಮ ಹೆಂಗೆ ಕಂಡಳು!" ಅಂದರು.

ಈಗ ಏಡಿ ನೀಹಾರಿಕೆ ಶುರು ಮಾಡಿದ್ದೇನೆ. ಇದು 1054ರಲ್ಲಿ ಚೀನಾದವರು ಹಗಲಲ್ಲೇ ಕಂಡು ಬರೆದಿಟ್ಟ ಸ್ಫೋಟದ ಚೂರುಗಳು. ಇಂದಿಗೂ ಸೆಕೆಂಡಿಗೆ ಸುಮಾರು 1500 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿವೆ. ಅಷ್ಟು ದೂರದಿಂದ ನೋಡಿದರೆ ಆ ಹಿಗ್ಗು ಹತ್ತು ವರ್ಷಕ್ಕೆ ನನ್ನ ಚಿತ್ರದಲ್ಲಿ ಎರಡು ಮೂರು ಪಿಕ್ಸೆಲ್. ಮೊದಲ ಚಿತ್ರದ ತಾರೀಖು, ಕ್ಯಾಮೆರಾ ತಿರುಗಿಸಿಟ್ಟ ಕೋನ, ಫಿಲ್ಟರ್, ಎಲ್ಲಾ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಹತ್ತು ವರ್ಷದ ಮೇಲೆ ಅದೇ ಕಂಬದಿಂದ ಇನ್ನೊಂದು ತೆಗೆಯಬೇಕು.