ಪೈಪು, ಜಗ್ಗು, ಗಡಿಯಾರ: ಬೆನ್ನುಹುರಿಗೆ ಪೆಟ್ಟಾದ ಮೇಲೆ ಉಚ್ಚೆಯ ಹತೋಟಿ

2013ರ ಆಗಸ್ಟಿನಲ್ಲಿ, ಎರಡನೇ ಸಲದ ಕೊಳೆಮದ್ದು ಹೊಡೆಯುವಾಗ ಅಡಿಕೆ ಮರದಿಂದ ಬಿದ್ದೆ. ಬೆನ್ನೆಲುಬಿನ ಎದೆಭಾಗದ ಹತ್ತನೇ ಮೂಳೆ ಪುಡಿಯಾಗಿ ಬೆನ್ನುಹುರಿ ಪೂರ್ತಿ ಜಜ್ಜಿಹೋಯಿತು. ನೋಡಲು ಬಂದವರೆಲ್ಲ ಕಾಲು ಹೋಯ್ತಲ್ಲ ಅಂತ ಅತ್ತರು. ನನ್ನನ್ನು ಒಳಗೊಳಗೇ ತಿಂದದ್ದು ಉಚ್ಚೆ. ಯಾವಾಗ ಬಂತು ಗೊತ್ತಿಲ್ಲ, ಎಷ್ಟು ಹೋಯಿತು ಗೊತ್ತಿಲ್ಲ. ಹೆಂಡತಿ ದಿನಕ್ಕೆ ನಾಲ್ಕು ಸಲ ಚಾದರ ಬದಲಿಸುವಾಗ ನಾನು ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಿದ್ದೆ.

ಆಪರೇಷನ್ ಮಾಡಿದ ಆಸ್ಪತ್ರೆಯವರು ಪೈಪು, ಚೀಲ ಸಿಕ್ಕಿಸಿ ಮನೆಗೆ ಕಳಿಸಿದ್ದರು. ಅದನ್ನು ಯಾವಾಗ ಬದಲಿಸಬೇಕು, ಬೇರೆ ದಾರಿ ಇದೆಯೇ ಎಂದು ಒಬ್ಬರೂ ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಚಳಿಜ್ವರ, ಪೈಪಿನಲ್ಲಿ ರಕ್ತ. ಸ್ಕ್ಯಾನ್ ಮಾಡಿದರೆ ಮೂತ್ರಚೀಲದಲ್ಲಿ ಕಲ್ಲು. ಕಲ್ಲು ತೆಗೆಸಿ ಪುನರ್ವಸತಿ ವಾರ್ಡಿಗೆ ಸೇರಿದಾಗಲೇ ನನಗೆ ಸಿಐಸಿ ಎಂಬ ಮೂರಕ್ಷರ ಕಿವಿಗೆ ಬಿದ್ದದ್ದು: ಹೊತ್ತು ಹೊತ್ತಿಗೆ ಚೊಕ್ಕ ಕೈಯಿಂದ ಪೈಪು ಹಾಕಿ, ಖಾಲಿ ಮಾಡಿ, ಪೈಪನ್ನು ಹೊರಗೆ ತೆಗೆದುಬಿಡುವುದು. ಈಗ ಹೊಸದಾಗಿ ಬಿದ್ದವರ ಮನೆಯವರು ನನಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನಾಗಿದೆ ಅಂತ ತಿಳಿಯಿರಿ. ಮೂತ್ರಚೀಲ ಹಿಂಡುವುದಕ್ಕೂ ಅದರ ಬಾಯಿ ಬಿಚ್ಚುವುದಕ್ಕೂ ಬೆನ್ನುಹುರಿಯ ತುದಿಯಲ್ಲಿ ಒಂದು ಕೇಂದ್ರವಿದೆ. ಎರಡೂ ಹೊಂದಿಕೊಂಡು ನಡೆಯುವಂತೆ ನೋಡಿಕೊಳ್ಳುವುದು ಮೆದುಳು. ನನ್ನ ಹಾಗೆ ಮೇಲೆ ಪೆಟ್ಟಾದವರಲ್ಲಿ ಮೆದುಳಿನ ಮಾತು ಕೆಳಗೆ ತಲುಪುವುದಿಲ್ಲ. ಚೀಲ ತನ್ನ ಪಾಡಿಗೆ ಹಿಂಡುತ್ತದೆ, ಅದೇ ಹೊತ್ತಿಗೆ ಬಾಯಿಯೂ ಬಿಗಿಯುತ್ತದೆ. ತೋಟದ ಪಂಪ್ ಚಾಲೂ ಮಾಡಿ ಗೇಟ್‌ವಾಲ್ವ್ ಮುಚ್ಚಿದರೆ ಏನಾಗುತ್ತದೆ? ಒತ್ತಡ ಹಿಂದಕ್ಕೆ ಹೊಡೆಯುತ್ತದೆ. ಇಲ್ಲಿ ಹಿಂದೆ ಇರುವುದು ಕಿಡ್ನಿ. ಹೊರಗೆ ಸೋರುವುದು ನಾಚಿಕೆಯ ವಿಷಯ ಅಷ್ಟೆ, ಕಿಡ್ನಿ ಹಾಳಾಗುವುದು ಜೀವದ ವಿಷಯ. ಸೊಂಟದ ಹತ್ತಿರ, ಹುರಿಯ ತುದಿಗೇ ಪೆಟ್ಟಾದವರಲ್ಲಿ ಚೀಲ ಸಡಿಲ ಬೀಳುತ್ತದೆ, ತಾನಾಗಿ ಹಿಂಡುವುದೇ ಇಲ್ಲ, ತುಂಬಿ ತುಳುಕುತ್ತದೆ. ಇಬ್ಬರಿಗೂ ಸಾಮಾನ್ಯವಾಗಿ ಮೊದಲ ಮದ್ದು ಒಂದೇ, ಸಿಐಸಿ.

ಬಿದ್ದ ಮೊದಲ ಕೆಲವು ವಾರ ಎಲ್ಲರಿಗೂ ಚೀಲ ಮಂಕಾಗಿರುತ್ತದೆ, ಆಗ ಒಳಗೇ ಇಡುವ ಪೈಪು ಬೇಕೇ ಬೇಕು. ಹುರಿ ಅರ್ಧಂಬರ್ಧ ಉಳಿದವರಿಗೆ ಮೊದಲ ವರ್ಷದೊಳಗೆ ಸ್ವಲ್ಪವೋ ಪೂರ್ತಿಯೋ ಹತೋಟಿ ಮರಳಬಹುದು. ನನಗೆ ಮರಳಲಿಲ್ಲ. ಆದರೂ ಇವತ್ತು ನಾನು ಒಣಗಿದ ಪಂಚೆಯಲ್ಲಿ ಮದುವೆ ಊಟಕ್ಕೆ ಕೂರುತ್ತೇನೆ. ನನ್ನ ಮಟ್ಟಿಗೆ ಹತೋಟಿ ಅಂದರೆ ಇದೇ.

ಮೊದಲ ಸಲ ನರ್ಸ್ ಅಕ್ಕನ ಎದುರಿಗೆ ಹಾಕಿಕೊಂಡಾಗ ಕೈ ನಡುಗುತ್ತಿತ್ತು. ಈಗ ಐದು ನಿಮಿಷದ ಕೆಲಸ. ಗಂಡಸರಿಗೆ ಸಾಮಾನ್ಯವಾಗಿ ದಪ್ಪದಲ್ಲಿ 12 ಅಥವಾ 14 ನಂಬರಿನ, ಬಲೂನಿಲ್ಲದ ಸಾದಾ ನೆಲಟಾನ್ ಪೈಪು. ಬಾಲದ ಬಣ್ಣ ನೋಡಿ: ಬಿಳಿ ಇದ್ದರೆ 12, ಹಸಿರಿದ್ದರೆ 14. ಸೋಪು ಹಾಕಿ ಕೈ ತೊಳೆಯಿರಿ, ಬೆರಳ ಸಂದಿಯೂ ಸೇರಿ. ಮುಂದೊಗಲು ಹಿಂದೆ ಸರಿಸಿ ತುದಿಯನ್ನು ಸೋಪು ನೀರಿನಿಂದ ಒರೆಸಿ. ಪೈಪಿನ ಮುಂಭಾಗಕ್ಕೆ ಗೇಣುದ್ದ ಜೆಲ್ಲಿ ಹಚ್ಚಿ. ಜೆಲ್ಲಿಯಲ್ಲಿ ಜಿಪುಣತನ ಬೇಡ. ಇನ್ನೊಂದು ಕೈಯಲ್ಲಿ ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿಯಿರಿ, ಒಳಗಿನ ದಾರಿ ನೆಟ್ಟಗಾಗುತ್ತದೆ. ನಿಧಾನ ಬಿಡಿ. ಗೇಣಿನಷ್ಟು ಒಳಹೋದ ಮೇಲೆ ಒಂದು ಕಡೆ ತಡೆಯುತ್ತದೆ. ಬಿಗಿದ ಬಾಯಿ ಅದು. ಅಲ್ಲಿ ತಳ್ಳಬೇಡಿ. ನಮಗೆ ನೋವು ಗೊತ್ತಾಗುವುದಿಲ್ಲವಾದ್ದರಿಂದ ಒಳಗೆ ಗಾಯವಾದರೂ ತಿಳಿಯದು. ಪೈಪನ್ನು ಹಾಗೇ ಹಿಡಿದು ಎರಡು ಸಲ ದೀರ್ಘ ಉಸಿರೆಳೆದು ಬಿಡಿ. ಬೆರಳಿಗೆ ಒಮ್ಮೆಲೇ ಸಡಿಲಾದದ್ದು ತಿಳಿಯುತ್ತದೆ, ಗೋಣಿಚೀಲದ ಹೊಲಿಗೆ ಬಿಚ್ಚಿಕೊಂಡ ಹಾಗೆ. ಉಚ್ಚೆ ಬಂದ ಮೇಲೆ ಇನ್ನೆರಡು ಬೆರಳಗಲ ಒಳಬಿಡಿ. ನಿಂತಿತು ಅನಿಸಿದಾಗ ನಿಧಾನ ಹಿಂದೆಳೆಯಿರಿ, ನಡುವೆ ಮತ್ತೆ ಹನಿದರೆ ಅಲ್ಲೇ ನಿಲ್ಲಿಸಿ. ತಳದಲ್ಲಿ ಉಳಿದದ್ದು ಆಗ ಬರುತ್ತದೆ. ಮುಂದೊಗಲನ್ನು ಮರೆಯದೆ ಮುಂದಕ್ಕೆ ಎಳೆದುಬಿಡಿ. ಹಿಂದೆಯೇ ಬಿಟ್ಟರೆ ಬಾತು, ಬಿಗಿದು, ಆಸ್ಪತ್ರೆಗೆ ಓಡಬೇಕಾಗುತ್ತದೆ.

ಹೆಣ್ಣುಮಕ್ಕಳ ದಾರಿ ಬರೀ ನಾಲ್ಕು ಸೆಂಟಿಮೀಟರ್, ಆದರೆ ಬಾಯಿ ಹುಡುಕುವುದೇ ಕಷ್ಟ. ಮೊದಲು ತೊಡೆಗಳ ನಡುವೆ ಸಣ್ಣ ಕನ್ನಡಿ ಇಟ್ಟುಕೊಳ್ಳಿ. ತಪ್ಪಿ ಯೋನಿಗೆ ಹೋದರೆ ಆ ಪೈಪನ್ನು ಗುರುತಿಗೆಂದು ಅಲ್ಲೇ ಬಿಟ್ಟು, ಬೇರೆ ಪೈಪನ್ನು ಅದರ ಮೇಲ್ಗಡೆ ಹಾಕಿ. ತಿಂಗಳಾದ ಮೇಲೆ ಕನ್ನಡಿ ಬೇಡ, ಬೆರಳೇ ದಾರಿ ಹೇಳುತ್ತದೆ. ಕೈಬೆರಳು ಆಡದವರಿಗೆ ಮನೆಯವರೊಬ್ಬರು ಕಲಿಯಬೇಕು. ಯಾರೇ ಆಗಲಿ, ಮೊದಲ ಪಾಠ ಬಲ್ಲ ನರ್ಸ್ ಅಥವಾ ಡಾಕ್ಟರ ಎದುರಿಗೇ ಆಗಲಿ. ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ, ದಕ್ಷಿಣ ಕನ್ನಡದ ಕೊಕ್ಕಡದಲ್ಲಿರುವ ಸೇವಾಧಾಮ ಇಂಥ ಕಡೆ ವಿಚಾರಿಸಿ.

ಈಗ ಗಡಿಯಾರ. ಹೆಚ್ಚಿನವರು ಸೋಲುವುದು ಇಲ್ಲಿ. ತುಂಬಿದ್ದು ನಮಗೆ ಗೊತ್ತಾಗುವುದಿಲ್ಲ, ಆ ಕೆಲಸ ಅಲಾರಂ ಮಾಡಬೇಕು. ನಾನು ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಹಾಕುತ್ತೇನೆ. ಅಳತೆಯ ಜಗ್ಗಿಗೆ ಹಿಡಿದು ಪುಸ್ತಕದಲ್ಲಿ ಬರೆಯಿರಿ: ಗಂಟೆ, ಕುಡಿದದ್ದು, ಬಂದದ್ದು, ಸೋರಿದ್ದು. ಒಂದು ಸಲಕ್ಕೆ 400ರಿಂದ 500 ಎಂಎಲ್ ದಾಟಬಾರದು. ದಾಟಿದರೆ ಹೊತ್ತು ಹತ್ತಿರ ಮಾಡಿ. ಸೋರುತ್ತದೆ ಅಂತ ನೀರು ಬಿಟ್ಟವರನ್ನು ಬಹಳ ಕಂಡಿದ್ದೇನೆ. ಹಾಗೆ ಮಾಡಬೇಡಿ. ಡಾಕ್ಟರು ಬೇರೆ ಹೇಳದಿದ್ದರೆ ದಿನಕ್ಕೆ ಒಂದೂವರೆ, ಎರಡು ಲೀಟರ್ ಬೇಕು, ಸ್ವಲ್ಪ ಸ್ವಲ್ಪವಾಗಿ.

ನನ್ನ ಪುಸ್ತಕದಲ್ಲಿ ಬೆಳಗ್ಗೆ 6ರ ಲೆಕ್ಕ ಮಾತ್ರ 700ಕ್ಕೆ ಹೋಗುತ್ತಿತ್ತು. ಸಂಜೆ ಏಳರ ಮೇಲೆ ನೀರೇ ಕುಡಿಯದಿದ್ದರೂ ಇಳಿಯಲಿಲ್ಲ. ಕಾರಣ ಪಾದದಲ್ಲಿತ್ತು. ಇಡೀ ದಿನ ಗಾಲಿಕುರ್ಚಿಯಲ್ಲಿ ಕೂತು ಪಾದಕ್ಕೆ ಇಳಿದ ನೀರು, ರಾತ್ರಿ ಮಲಗಿದೊಡನೆ ಮೇಲೇರಿ ಉಚ್ಚೆಯಾಗುತ್ತದೆ. ಐದು ಗಂಟೆಗೆ ಒಂದು ತಾಸು ಮಲಗಿ ಕಾಲನ್ನು ದಿಂಬಿನ ಮೇಲಿಡಲು ಶುರುಮಾಡಿದೆ. ಆ ನೀರು ಹತ್ತು ಗಂಟೆಯ ಪಾಳಿಗೇ ಹೋಗಿ, ಬೆಳಗಿನ ಲೆಕ್ಕ 450ಕ್ಕೆ ಬಂತು. ಅಲ್ಲಿಯವರೆಗೆ ಎರಡು ತಿಂಗಳು ರಾತ್ರಿ 2ಕ್ಕೂ ಎದ್ದಿದ್ದೇನೆ. ದಿನ ಕಳೆದಂತೆ ಮೈಯೇ ಬೇರೆ ಸುಳಿವು ಕೊಡತೊಡಗಿತು: ಚೀಲ ತುಂಬಿದಾಗ ನನ್ನ ಎಡಗಾಲು ಸೆಟೆಯುತ್ತದೆ. ನಿಮ್ಮ ಸುಳಿವನ್ನೂ ಗಮನಿಸಿಕೊಳ್ಳಿ.

ಸಮಯಕ್ಕೆ ಹಾಕಿದರೂ ನಡುವೆ ಸೋರಿದರೆ ಚೀಲ ಹುಚ್ಚೆದ್ದಿದೆ ಅಂತ ಅರ್ಥ. ಚೀಲದೊಳಗಿನ ಒತ್ತಡ ಅಳೆಯುವ ಯುರೋಡೈನಾಮಿಕ್ಸ್ ಪರೀಕ್ಷೆ ಮಾಡಿಸಿ. ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟ ಮೀರಿದರೆ ಕಿಡ್ನಿಗೆ ಅಪಾಯ. ಚೀಲ ಶಾಂತಮಾಡಲು ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್ ಥರದ ಮಾತ್ರೆ ಕೊಡುತ್ತಾರೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಮಲ ಕಟ್ಟಿದರೆ ಅದೂ ಚೀಲವನ್ನು ಒತ್ತುತ್ತದೆ, ಆದ್ದರಿಂದ ಹೊಟ್ಟೆ ದಿನಕ್ಕೊಮ್ಮೆ ಖಾಲಿಯಾಗುವ ಹಾಗೆ ನೋಡಿಕೊಳ್ಳಿ. ಮಾತ್ರೆಗೆ ಬಗ್ಗದಿದ್ದರೆ ದುರ್ಬೀನಿನ ಮೂಲಕ ಚೀಲಕ್ಕೇ ಬೊಟಾಕ್ಸ್ ಚುಚ್ಚುತ್ತಾರೆ. ಅದರ ಗುಣ ಕೆಲವು ತಿಂಗಳಿರುತ್ತದೆ, ಮತ್ತೆ ಹಾಕಿಸಬೇಕು. ಹೊಟ್ಟೆ ಒತ್ತಿ ಉಚ್ಚೆ ಇಳಿಸುವ ಪದ್ಧತಿಯನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಪಂಪಿನ ಮಾತು ನೆನಪಿಸಿಕೊಳ್ಳಿ.

ಪೈಪು ಒಂದೇ ಸಲಕ್ಕೆ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ದಿನಕ್ಕೆ ಐದು ಹೊಸ ಪೈಪು ನಮ್ಮಂಥವರ ಕೈಗೆಟುಕದು. ನನ್ನ ಡಾಕ್ಟರನ್ನು ಕೇಳಿಯೇ ನಾನು ತೊಳೆದು ಬಳಸುತ್ತೇನೆ: ತೆಗೆದ ಕೂಡಲೇ ಒಳಗೂ ಹೊರಗೂ ಸೋಪು ನೀರು ಹಾಯಿಸಿ, ಕುಡಿಯುವ ನೀರಿನಿಂದ ತೊಳೆದು, ಕೊಡವಿ, ಒಣಗಿಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ. ಗಡುಸಾದದ್ದು, ಮಬ್ಬಾದದ್ದು ಕಸಕ್ಕೆ. ಒಬ್ಬರದು ಇನ್ನೊಬ್ಬರಿಗೆ ಯಾವತ್ತೂ ಇಲ್ಲ. 1972ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡೆಸ್ ಎಂಬ ಡಾಕ್ಟರು, ಆಪರೇಷನ್ ಥಿಯೇಟರಿನ ಮಡಿ ಬೇಡ, ಚೊಕ್ಕ ಕೈ ಸಾಕು, ಚೀಲ ಉಬ್ಬಲು ಬಿಡದಿರುವುದೇ ಮುಖ್ಯ ಅಂತ ತೋರಿಸಿಕೊಟ್ಟರು. ಮಲೆನಾಡಿನ ಬಚ್ಚಲಲ್ಲಿ ಕೂತು ನಾನು ಬದುಕಿರುವುದು ಆ ಮಾತಿನಿಂದ.

ಉಚ್ಚೆ ಮಬ್ಬಾಯಿತು, ವಾಸನೆ ಬಂತು ಅಂದ ಮಾತ್ರಕ್ಕೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ. ಪೈಪು ಹಾಕುವವರ ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಜ್ವರ, ನಡುಕ, ರಕ್ತ, ಒಮ್ಮೆಲೇ ಹೆಚ್ಚಾದ ಸೋರಿಕೆ ಅಥವಾ ಸೆಟೆತ ಕಂಡರೆ ಉಚ್ಚೆಯನ್ನು ಯಾವ ಬ್ಯಾಕ್ಟೀರಿಯಾ ಎಂದು ನೋಡುವ ಕಲ್ಚರ್‌ಗೆ ಕೊಟ್ಟು ಡಾಕ್ಟರಲ್ಲಿಗೆ ಹೋಗಿ, ಅದೇ ದಿನ.

ಬೆನ್ನೆಲುಬಿನ ಎದೆಭಾಗದ ಆರನೇ ಮೂಳೆಗೆ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಚೀಲ ತುಂಬಿದರೆ, ಪೈಪು ಮಡಚಿಕೊಂಡರೆ ಬಿಪಿ ಏಕಾಏಕಿ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಕೂಡಲೇ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಸಡಿಲಿಸಿ, ಚೀಲ ಖಾಲಿ ಮಾಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ.

ಕೊನೆಯದಾಗಿ, ಎಲ್ಲ ಸರಿ ಇದ್ದಾಗಲೂ ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನ್, ಕಿಡ್ನಿಯ ಕೆಲಸ ನೋಡುವ ಕ್ರಿಯಾಟಿನಿನ್ ರಕ್ತಪರೀಕ್ಷೆ. ನಾನು ದೀಪಾವಳಿ ಮುಗಿದ ವಾರ ಮಾಡಿಸುತ್ತೇನೆ, ಅಡಿಕೆಯ ಕೊನೆಕೊಯ್ಲು ಶುರುವಾದರೆ ಕಾರು ಓಡಿಸಲು ಮನೆಯಲ್ಲಿ ಯಾರೂ ಸಿಗುವುದಿಲ್ಲ.