ಸೆರೆಮನೆಯ ಬದಲು ಚಿಕಿತ್ಸೆ: 64-ಎ ಕಲಂ ಬಳಸಿದ ನನ್ನ ಅನುಭವ

ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ವಕೀಲನಾಗಿರುವ ನನ್ನ ಬಳಿಗೆ ಬರುವ ಮಾದಕವಸ್ತು ಪ್ರಕರಣಗಳಲ್ಲಿ ಹೆಚ್ಚಿನವು ಗಾಂಜಾ ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗರವು. "ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ ಸಾರ್" ಎಂದು ತಂದೆತಾಯಿ ಕೇಳಿಕೊಳ್ಳುತ್ತಾರೆ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಗಾಂಜಾ ಸೇವನೆಗೆ ಆರು ತಿಂಗಳವರೆಗಿನ ಸಜೆ, 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಇರುವುದರಿಂದ ದಂಡ ಕಟ್ಟುವುದೇ ಸುಲಭವೆನಿಸುತ್ತದೆ. ಆದರೆ ಅಪರಾಧಿ ಎಂಬ ದಾಖಲೆ ಉಳಿಯುತ್ತದೆ, ಚಟವೂ ಉಳಿಯುತ್ತದೆ.

ಆದ್ದರಿಂದ ನಾನು ಮೊದಲು ನೋಡುವುದು 64-ಎ ಕಲಮನ್ನು. 27ನೇ ಕಲಮಿನ ಅಥವಾ ಸಣ್ಣ ಪ್ರಮಾಣದ (ಗಾಂಜಾ ಆದರೆ ಒಂದು ಕಿಲೋ, ಹೆರಾಯಿನ್ ಆದರೆ 5 ಗ್ರಾಂ) ಪ್ರಕರಣದ ಆರೋಪಿಯು ವ್ಯಸನಿಯಾಗಿದ್ದು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಆತನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ.

ಅಂಥ ಒಬ್ಬ ವಿದ್ಯಾರ್ಥಿಯನ್ನು ಮನೆಯವರು ನನ್ನ ಬಳಿ ಬರುವ ಮೊದಲೇ ಖಾಸಗಿ ಕೇಂದ್ರವೊಂದಕ್ಕೆ ಸೇರಿಸಿದ್ದರು. ಬೀಗ ಹಾಕಿದ ಕೋಣೆ, ಕಸಿದುಕೊಂಡ ಫೋನು, ವೈದ್ಯರ ಸುಳಿವಿಲ್ಲ; ಮಾನ್ಯತೆಯೂ ಇಲ್ಲದ್ದರಿಂದ ಅಲ್ಲಿ ಕಳೆದ ಕಾಲ ಕಾನೂನಿನ ಲೆಕ್ಕಕ್ಕೆ ಬರಲಿಲ್ಲ. ನಾನು ಆತನನ್ನು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕಳುಹಿಸಿದೆ. ಎಷ್ಟು ಕಾಲದಿಂದ ಸೇದುತ್ತಿದ್ದಾನೆ, ಬಿಟ್ಟ ದಿನ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ವೈದ್ಯರು ಆತನೊಬ್ಬನನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಂಡ ಟಿಪ್ಪಣಿಯೇ ನನ್ನ ಅರ್ಜಿಯ ಬೆನ್ನೆಲುಬಾಯಿತು. ಚಿಕಿತ್ಸೆಗೆ ಒಪ್ಪಿಗೆ ಪತ್ರವನ್ನು ಟೈಪು ಮಾಡಿಸದೆ ಆತನ ಕೈಯಿಂದಲೇ ಬರೆಸಿದೆ. ಶಿಕ್ಷೆ ತಪ್ಪಿಸಿಕೊಳ್ಳುವ ಉಪಾಯವಿದು ಎಂದು ಸರ್ಕಾರಿ ಅಭಿಯೋಜಕರು ಆಕ್ಷೇಪಿಸಿದಾಗ, ಅರ್ಜಿಗಿಂತ ಹಿಂದಿನ ದಿನಾಂಕಗಳಿದ್ದ ಹೊರರೋಗಿ ಚೀಟಿಗಳನ್ನು ನ್ಯಾಯಾಧೀಶರ ಮುಂದಿಟ್ಟೆ.

ಸೇದಿದವರೆಲ್ಲ ವ್ಯಸನಿಗಳಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎಂದೋ ಒಮ್ಮೆ ಗೆಳೆಯರೊಂದಿಗೆ ಸೇದಿದವನನ್ನು ರೋಗಿಯೆಂದು ತೋರಿಸುವುದು ಸುಳ್ಳು, ನಿಜವಾದ ರೋಗಿಯ ಹಾಸಿಗೆಯನ್ನು ಕಸಿದಂತೆಯೂ ಹೌದು. ಅಂಥವರ ವಿಷಯದಲ್ಲಿ ದೋಷಾರೋಪಣ ಪಟ್ಟಿಯಲ್ಲಿ ಯಾವ ಕಲಂ ಇದೆಯೆಂಬುದನ್ನು ಕಣ್ಣಿಟ್ಟು ಓದುತ್ತೇನೆ. ಏಕೆಂದರೆ 33ನೇ ಕಲಮಿನ ಪ್ರಕಾರ, ಹದಿನೆಂಟು ತುಂಬಿದವರಿಗೆ 27ನೇ ಕಲಮಿನಡಿ ಪ್ರೊಬೇಷನ್ (ಸಜೆಯ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ) ಸಿಗಬಹುದು, ಗಾಂಜಾ ಇಟ್ಟುಕೊಂಡಿದ್ದಕ್ಕೆ ಹಾಕುವ 20ನೇ ಕಲಮಿನಡಿ ಸಿಗದು. ಅರ್ಧ ಸುಟ್ಟ ಸಿಗರೇಟಿನೊಳಗಿನ ಚೂರನ್ನೇ ನೆಪ ಮಾಡಿ 20ನೇ ಕಲಂ ಸೇರಿಸಿದ್ದರೆ ಹುಡುಗನ ಭವಿಷ್ಯ ಅಲ್ಲೇ ಮುಚ್ಚಬಹುದು. ಇದು ಅನ್ಯಾಯವೆಂದೇ ನನ್ನ ನಂಬಿಕೆ, ಪ್ರತಿಸಲವೂ ಅದನ್ನು ಪ್ರಶ್ನಿಸುತ್ತೇನೆ.

ಆ ವಿದ್ಯಾರ್ಥಿ ಪರೀಕ್ಷೆ ಮುಗಿದ ರಾತ್ರಿ ಮತ್ತೆ ಸೇದಿದ. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ರಕ್ಷಣೆ ಹಿಂಪಡೆಯಬಹುದು ಎನ್ನುತ್ತದೆ ಕಾಯ್ದೆ. ಒಮ್ಮೆ ಜಾರಿದ್ದಕ್ಕೇ ಹಿಂಪಡೆಯಬೇಕೆಂದು ಎಲ್ಲೂ ಹೇಳಿಲ್ಲ. ಮರುದಿನವೇ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಕಡತದಲ್ಲಿ ಬರೆಸಲು ಹೇಳಿದೆ. ಚಿಕಿತ್ಸೆ ಮುಂದುವರಿಯುತ್ತಿದೆ ಎಂಬುದಕ್ಕೆ ಆಧಾರವಾಗಿ ಮುಂದಿನ ವಿಚಾರಣೆಯಲ್ಲಿ ಅದೇ ಹಾಳೆಯನ್ನು ಹಾಜರುಪಡಿಸಿದೆ; ನ್ಯಾಯಾಲಯ ಒಪ್ಪಿತು.