ನನ್ನ ಟೀಮಿಗೆ ಯಾರು ಯಾವ ಬಾಗಿಲಿಂದ ಬಂದರು

ನನ್ನನ್ನು ಬಿಟ್ಟು ಒಂಬತ್ತು ಜನರ ಟೀಮ್. ಏಳು ಜನ ಭಾರತೀಯರು, ಇಬ್ಬರು ಬಿಳಿಯರು. ಊರು ಶಿಕಾಗೊ. ಇಲ್ಲಿ ಹತ್ತು ಜನರನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಮೂವರು ಕಪ್ಪು ಜನ. ನನ್ನ ಟೀಮಿನಲ್ಲಿ ಒಬ್ಬರೂ ಇರಲಿಲ್ಲ. ನಾಲ್ಕು ವರ್ಷದಿಂದ ಮ್ಯಾನೇಜರ್ ಆಗಿದ್ದರೂ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ತೋರಿಸಿಕೊಟ್ಟಿದ್ದು ಎಚ್‌ಆರ್‌ನಲ್ಲಿದ್ದ ಒಬ್ಬ ಕಪ್ಪು ಮಹಿಳೆ. ಕೆಲಸ ಬಿಟ್ಟು ಹೋಗುವ ವಾರ ನನ್ನ ಟೇಬಲ್ ಹತ್ತಿರ ಬಂದು, ಈ ಒಂಬತ್ತು ಜನರಲ್ಲಿ ಒಬ್ಬೊಬ್ಬರ ರೆಸ್ಯೂಮೂ ಮೊದಲು ಯಾರ ಕೈಯಿಂದ ನಿಮಗೆ ಬಂತು, ಒಂದು ಹಾಳೆಯಲ್ಲಿ ಬರೆದು ನೋಡಿ ಅಂದರು. ಅಷ್ಟೇ. ಬೈಗುಳ ಇಲ್ಲ, ಭಾಷಣ ಇಲ್ಲ.

ನನಗೆ ಕೋಪ ಬಂತು. ನಾನೇ ಕಂದು ಬಣ್ಣದವನು, ವೀಸಾ ಅಂತ ಹನ್ನೊಂದು ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡು ಕೂತವನು, ನನ್ನ ಹೆಸರನ್ನು ಇವತ್ತಿಗೂ ಇಲ್ಲಿ ಯಾರೂ ಸರಿಯಾಗಿ ಹೇಳಲ್ಲ, ನಾನು ವರ್ಣಭೇದ ಮಾಡ್ತೀನಾ? ಅದು ಬಿಳಿಯರ ಕಾಯಿಲೆ ಅಂದುಕೊಂಡಿದ್ದೆ. ಆದರೂ ರಾತ್ರಿ ಮನೆಯಲ್ಲಿ ಹಾಳೆ ತೆಗೆದು ಬರೆದೆ. ಒಬ್ಬ ನನ್ನ ಕ್ಲಾಸ್‌ಮೇಟ್. ಇನ್ನೊಬ್ಬ ಅವನ ಹಳೆ ಕಂಪನಿಯ ಗೆಳೆಯ. ಆ ಗೆಳೆಯನ ಹೆಂಡತಿಯ ತಮ್ಮ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಸಿಕ್ಕಿದ ಹುಡುಗ. ಒಂಬತ್ತರಲ್ಲಿ ಆರು ಜನ ರೆಫರಲ್, ಅಂದರೆ ಪರಿಚಯದವರ ಶಿಫಾರಸಿನಿಂದ ಬಂದವರು. ಎಲ್ಲರೂ ಚೆನ್ನಾಗಿ ಕೆಲಸ ಮಾಡುವವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ರೆಸ್ಯೂಮ್‌ಗಳನ್ನು ನಾನು ಮೊದಲು ಓದಿದ್ದೆ, ನಿಧಾನವಾಗಿ ಓದಿದ್ದೆ. ಉಳಿದ ರಾಶಿಯನ್ನು ಒಂದೊಂದಕ್ಕೆ ಅರ್ಧ ನಿಮಿಷದಂತೆ ತಿರುವಿ ಹಾಕಿದ್ದೆ. ಯಾರನ್ನೂ ಬೇಡ ಅಂತ ಹೊರಗೆ ಹಾಕಿರಲಿಲ್ಲ. ಓದುವುದಕ್ಕೇ ಹೋಗಿರಲಿಲ್ಲ.

ನಾನೂ ಹಾಗೇ ಬಂದವನು. ಕಾಲೇಜಿನ ಸೀನಿಯರ್ ಒಬ್ಬರು, ಎಲ್ಲರೂ ಅಣ್ಣ ಅಂತ ಕರೆಯುವವರು, ನನ್ನ ರೆಸ್ಯೂಮನ್ನು ತಮ್ಮ ಬಾಸಿಗೆ ಕಳಿಸಿ 'ನಮ್ಮ ಹುಡುಗ' ಅಂತ ಒಂದು ಸಾಲು ಸೇರಿಸಿದ್ದರು. ಆ ಸಾಲಿನ ಬೆಲೆ ಎಷ್ಟು ಅಂತ ನನಗೆ ಈ ಹಾಳೆ ಬರೆಯುವವರೆಗೂ ಗೊತ್ತಿರಲಿಲ್ಲ.

ಆಮೇಲೆ ಸ್ವಲ್ಪ ಓದಿಕೊಂಡೆ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಗ್ರಿಗ್ಸ್ ಕೇಸ್ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಅನ್ನುವ ವಿದ್ಯುತ್ ಕಂಪನಿ ಕಪ್ಪು ಜನರನ್ನು ಕೂಲಿ ವಿಭಾಗಕ್ಕೆ ಬಿಟ್ಟರೆ ಬೇರೆಲ್ಲಿಗೂ ಸೇರಿಸುತ್ತಿರಲಿಲ್ಲ. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕಡಿಮೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಕೆಲಸಕ್ಕೆ ಸಂಬಂಧಿಸಿದ ಭಾಗ 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಎರಡು ಲಿಖಿತ ಪರೀಕ್ಷೆ ತಂದಿತು. ಹೈಸ್ಕೂಲ್ ಸರ್ಟಿಫಿಕೇಟ್ ಬೇಕು ಅನ್ನುವ ನಿಯಮವೂ ಇತ್ತು. ಬಣ್ಣದ ಮಾತೇ ಇಲ್ಲ, ಎಲ್ಲರಿಗೂ ಒಂದೇ ನಿಯಮ. ಆದರೆ ಆ ರಾಜ್ಯದಲ್ಲಿ ಕಪ್ಪು ಮಕ್ಕಳಿಗೆ ಸಿಗುತ್ತಿದ್ದ ಶಾಲೆ ಎಂಥದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಮೊದಲೇ ಒಳಗಿದ್ದ ಬಿಳಿ ಕೆಲಸಗಾರರಲ್ಲಿ ಸರ್ಟಿಫಿಕೇಟ್ ಇಲ್ಲದವರೂ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು. ಕೋರ್ಟ್ ಕೇಳಿದ್ದು ಇಷ್ಟೇ: ಈ ಷರತ್ತಿಗೂ ಆ ಕೆಲಸಕ್ಕೂ ಏನು ಸಂಬಂಧ? ಮನಸ್ಸಲ್ಲಿ ಕೆಟ್ಟದ್ದು ಇಲ್ಲದಿದ್ದರೂ, ಸಂಬಂಧ ಇಲ್ಲದ ಷರತ್ತು ಒಂದು ಜನಾಂಗವನ್ನೇ ಹೊರಗಿಟ್ಟರೆ ಅದು ನಡೆಯಲ್ಲ ಅಂತ ಹೇಳಿತು.

ನನ್ನ ಜಾಹೀರಾತು ತೆಗೆದು ನೋಡಿದೆ. ಸಪೋರ್ಟ್ ಎಂಜಿನಿಯರ್ ಕೆಲಸ. ಗ್ರಾಹಕರ ಫೋನ್ ಎತ್ತಬೇಕು, ಲಾಗ್ (ಸಾಫ್ಟ್‌ವೇರ್ ತಾನು ಮಾಡಿದ್ದನ್ನು ತಾನೇ ಬರೆದಿಡುವ ದಾಖಲೆ) ಓದಬೇಕು, ಎಲ್ಲಿ ಕೆಟ್ಟಿದೆ ಅಂತ ಹುಡುಕಬೇಕು. ಅದಕ್ಕೆ ನಾಲ್ಕು ವರ್ಷದ ಕಂಪ್ಯೂಟರ್ ಸೈನ್ಸ್ ಡಿಗ್ರಿ ಕಡ್ಡಾಯ ಅಂತ ಬರೆದಿದ್ದೆ. ಯಾಕೆ ಬರೆದೆ? ಮೊದಲಿನ ಜಾಹೀರಾತಿನಲ್ಲಿ ಇತ್ತು, ಹಾಗೇ ಕಾಪಿ ಮಾಡಿದ್ದೆ. ನನ್ನ ಟೀಮಿನ ಅತ್ಯುತ್ತಮ ಸಪೋರ್ಟ್ ಎಂಜಿನಿಯರ್ ಓದಿದ್ದು ಮೆಕ್ಯಾನಿಕಲ್.

ಆ ಸಾಲು ತೆಗೆದೆ. ಜಾಹೀರಾತನ್ನು ಕಮ್ಯೂನಿಟಿ ಕಾಲೇಜುಗಳಿಗೂ, ಅಂದರೆ ಕಡಿಮೆ ಫೀಸಿನ ಎರಡು ವರ್ಷದ ಸ್ಥಳೀಯ ಕಾಲೇಜುಗಳಿಗೂ ಕಳಿಸಿದೆ. ರೆಫರಲ್ ಬಂದರೆ ನನ್ನ ಇನ್‌ಬಾಕ್ಸಿಗೆ ಬೇಡ, ಎಲ್ಲರಂತೆ ಅರ್ಜಿ ಫಾರ್ಮಿನಲ್ಲಿ ಬರಲಿ ಅಂತ ಹೇಳಿದೆ. ಟೀಮಿನಲ್ಲಿ ಗೊಣಗಾಟ ಶುರುವಾಯಿತು. ಯಾಕೆಂದರೆ ರೆಫರ್ ಮಾಡಿದವರಿಗೆ ಬೋನಸ್ ಇತ್ತು.

ಹೆಸರಿನ ವಿಷಯ ಇದಕ್ಕಿಂತ ಗೋಜಲು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ತುಂಬಾ ಹೆಸರುವಾಸಿ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು ಮಾಡಿದ್ದು. (ಎರಡನೆಯವರು ನಮ್ಮ ಪಕ್ಕದ ತಮಿಳುನಾಡಿನಲ್ಲಿ ಹುಟ್ಟಿದವರು.) ಬಾಸ್ಟನ್ ಮತ್ತು ಶಿಕಾಗೊ ಪತ್ರಿಕೆಗಳ ಜಾಹೀರಾತುಗಳಿಗೆ ಸುಮಾರು 5,000 ಸುಳ್ಳು ರೆಸ್ಯೂಮ್ ಕಳಿಸಿದರು. ಕೆಲವಕ್ಕೆ ಎಮಿಲಿ, ಗ್ರೆಗ್ ಥರದ ಹೆಸರು, ಕೆಲವಕ್ಕೆ ಲಕೀಶಾ, ಜಮಾಲ್ ಥರದ ಹೆಸರು. ಬಿಳಿಯರ ಹೆಸರಿಗೆ ಹತ್ತು ರೆಸ್ಯೂಮಿಗೆ ಒಂದು ಕರೆ ಬಂತು. ಕಪ್ಪು ಹೆಸರಿಗೆ ಒಂದು ಕರೆ ಬರಬೇಕಾದರೆ ಹದಿನೈದು ಕಳಿಸಬೇಕಾಯಿತು. ನನ್ನದೇ ಊರು! ಹಾಗಾಗಿ ಹೆಸರು ಮುಚ್ಚಿ ಕೊಡಿ ಅಂತ ಎಚ್‌ಆರ್‌ಗೆ ಹೇಳಿದೆ.

ಹೆಸರು ಮುಚ್ಚಿದರೆ ಮುಗೀತು ಅಂತ ತಿಳಿದಿದ್ದೆ. ಮುಗಿಯಲಿಲ್ಲ. ಶಿಕಾಗೊದಲ್ಲಿ ಮನೆಯ ವಿಳಾಸ ನೋಡಿದರೆ ಸಾಕು, ಮನೆಯವರ ಬಣ್ಣ ಹೆಚ್ಚುಕಡಿಮೆ ಗೊತ್ತಾಗುತ್ತದೆ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಮಾಡಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಹಾಕಿತ್ತು. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಭೇದ ಮಾಡಬಾರದು ಅಂತ ಕಾನೂನು ಬಂದಿದ್ದು 1968ರಲ್ಲಿ. ಅಷ್ಟರಲ್ಲಿ ಯಾರು ಎಲ್ಲಿರಬೇಕು ಅಂತ ತೀರ್ಮಾನ ಆಗಿಹೋಗಿತ್ತು. ಮನೆ ಇಲ್ಲದಿದ್ದರೆ ಆಸ್ತಿ ಇಲ್ಲ. ಆಸ್ತಿಯ ಬೆಲೆ ಕಡಿಮೆ ಇದ್ದರೆ ಆಸ್ತಿ ತೆರಿಗೆ ಕಡಿಮೆ. ಇಲ್ಲಿ ಶಾಲೆಗಳು ಬಹಳ ಮಟ್ಟಿಗೆ ಆ ತೆರಿಗೆಯಲ್ಲೇ ನಡೆಯುತ್ತವೆ. ಹೀಗೆ ಸುತ್ತಿಕೊಂಡು ಬಂದು ಅದು ರೆಸ್ಯೂಮಿನ 'ಹೈಸ್ಕೂಲ್' ಅನ್ನುವ ಸಾಲಿಗೆ ನಿಲ್ಲುತ್ತದೆ. ವಿಳಾಸವನ್ನೂ ಹೈಸ್ಕೂಲನ್ನೂ ಮುಚ್ಚಿಸಿದೆ. ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ 2026ರ ಜನವರಿಯಿಂದ ಇದಕ್ಕೊಂದು ಕಾನೂನೇ ಇದೆ: ಕೃತಕ ಬುದ್ಧಿಮತ್ತೆ ಬಳಸಿ ಜನರನ್ನು ಆರಿಸುವಾಗ ಪಿನ್‌ಕೋಡನ್ನು ಬಣ್ಣದ ಬದಲಿಗೆ ಇಟ್ಟುಕೊಂಡು ಸೋಸುವ ಹಾಗಿಲ್ಲ. ನಾವು ಕಣ್ಣಲ್ಲೇ ಅದನ್ನು ಮಾಡುತ್ತಿದ್ದೆವು.

ಆದರೆ ಇದೆಲ್ಲ ಇಂಟರ್‌ವ್ಯೂ ಬಾಗಿಲವರೆಗೆ ಮಾತ್ರ. ಎದುರಿಗೆ ಬಂದು ಕೂತ ಮೇಲೆ ಮುಚ್ಚುವುದಕ್ಕೆ ಏನಿದೆ?

ನಮ್ಮ ಇಂಟರ್‌ವ್ಯೂ ಅಂದರೆ ಹರಟೆ. ಯಾವ ಕಾಲೇಜು, ಯಾರು ಪ್ರಿನ್ಸಿಪಾಲ್ ಇದ್ದರು, ಮೊನ್ನೆ ಮ್ಯಾಚ್ ನೋಡಿದಿರಾ. ಕೊನೆಗೆ 'ನಮ್ಮ ಜತೆ ಹೊಂದಿಕೊಳ್ತಾರೆ' ಅಂತ ಒಂದು ಅಭಿಪ್ರಾಯ. ಅದನ್ನು ಬದಲಾಯಿಸಿ ಎಲ್ಲರಿಗೂ ಅದೇ ಆರು ಪ್ರಶ್ನೆ, ಅದೇ ಕ್ರಮ ಅಂತ ಮಾಡಿದೆ. ಒಂದು ನಿಜವಾದ ಲಾಗ್ ಫೈಲ್ ಕೊಟ್ಟು, ಇದರಲ್ಲಿ ಏನು ತಪ್ಪಿದೆ ಹೇಳಿ ಅನ್ನುವುದು. ಪ್ರಶ್ನೆ ಕೇಳುವ ಒಬ್ಬೊಬ್ಬರೂ ಬೇರೆಯವರ ಜತೆ ಮಾತಾಡುವ ಮೊದಲೇ ಅಂಕ ಬರೆದುಕೊಡಬೇಕು. ಅಂಕದ ಪಕ್ಕದಲ್ಲಿ ಅಭ್ಯರ್ಥಿ ಹೇಳಿದ ಮಾತನ್ನೇ ಬರೆಯಬೇಕು, ನಮ್ಮ ಅನಿಸಿಕೆ ಬೇಡ.

ಮೊದಲ ಸುತ್ತಿನಲ್ಲೇ ಒಬ್ಬ ಹುಡುಗಿ ಬಂದಳು. ಕಪ್ಪು ಹುಡುಗಿ, ಕಮ್ಯೂನಿಟಿ ಕಾಲೇಜು, ರಾತ್ರಿ ಪಾಳಿಯಲ್ಲಿ ಒಂದು ಆಸ್ಪತ್ರೆಯ ಹೆಲ್ಪ್‌ಡೆಸ್ಕ್. ನಮ್ಮ ಸೀನಿಯರ್ ಒಬ್ಬ ಐದಕ್ಕೆ ಎರಡು ಕೊಟ್ಟಿದ್ದ. ಕಾರಣ: ಆತ್ಮವಿಶ್ವಾಸ ಕಡಿಮೆ. ಏನು ಹೇಳಿದಳು, ಅದನ್ನು ಬರಿ ಅಂದೆ. ತುಂಬಾ ಹೊತ್ತು ಕೂತ. ನೋಟ್ಸಿನಲ್ಲಿ ಇದ್ದದ್ದು, ಲಾಗಿನಲ್ಲಿ ಎರಡು ತಪ್ಪು ಸರಿಯಾಗಿ ಹುಡುಕಿದಳು, ಮೂರನೆಯದಕ್ಕೆ 'ಖಚಿತವಾಗಿ ಗೊತ್ತಿಲ್ಲ, ಇನ್ನೊಂದು ಲಾಗ್ ನೋಡಿ ಹೇಳ್ತೀನಿ' ಅಂದಳು. ಸಪೋರ್ಟ್ ಕೆಲಸದಲ್ಲಿ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ. ಅವನೇ ಎರಡನ್ನು ಹೊಡೆದು ನಾಲ್ಕು ಬರೆದ. ಅವನು ಕೆಟ್ಟವನಲ್ಲ ಮಾರಾಯ್ರೇ. ಅವನಿಗೆ ಆತ್ಮವಿಶ್ವಾಸ ಅಂದರೆ ನಮ್ಮ ಥರ ಮಾತಾಡುವುದು.

ಇನ್ನೊಂದು ಘಟನೆ ಹೇಳಲೇಬೇಕು, ಹೇಳುವುದಕ್ಕೆ ನಾಚಿಕೆ ಆದರೂ. ಈ ಬದಲಾವಣೆಗೆಲ್ಲ ಒಂದು ವರ್ಷ ಮೊದಲು ಬೆಂಗಳೂರು ಕಡೆಯ ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದಿದ್ದ. ಹೆಸರಿನ ಮುಂದೆ ಬರೀ ಒಂದು ಇನಿಶಿಯಲ್. ನಮ್ಮವನೊಬ್ಬ ನಗುತ್ತಾ, ಈ ಇನಿಶಿಯಲ್ ಬಿಡಿಸಿ ಹೇಳಿ, ಊರು ಯಾವುದು, ಯಾರ ಪೈಕಿ ಅಂತ ಕೇಳಿದ. ಆ ಹುಡುಗ ಊರು ಹೇಳಿ, ಉಳಿದದ್ದಕ್ಕೆ ಸುಮ್ನೆ ನಕ್ಕ. ಯಾಕೆ ಕೇಳಿದ್ದು ಅಂತ ರೂಮಿನಲ್ಲಿದ್ದ ಮೂವರು ಭಾರತೀಯರಿಗೂ ಗೊತ್ತು. ಜತೆಗಿದ್ದ ಬಿಳಿಯನಿಗೆ ಏನೂ ಗೊತ್ತಾಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ, ಅಮೆರಿಕದಲ್ಲಿ ಜಾತಿ ಎಲ್ಲಿದೆ ರೀ ಅಂತ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡ ಚರ್ಚೆ ಆಯಿತು. ನನಗೆ ಆ ನಗು ನೆನಪಾಯಿತು.

ಲೆಕ್ಕ ಇಡುವುದನ್ನೂ ಕಲಿತೆ. ಇಲ್ಲಿ 1978ರಿಂದ ಐದರಲ್ಲಿ ನಾಲ್ಕು ಅನ್ನುವ ಒಂದು ಸರಳ ಅಳತೆ ಇದೆ. ಒಂದು ಗುಂಪಿನ ನೂರು ಅರ್ಜಿಯಲ್ಲಿ 30 ಮುಂದಕ್ಕೆ ಹೋದವು, ಇನ್ನೊಂದು ಗುಂಪಿನ ನೂರರಲ್ಲಿ 20 ಹೋದವು ಅಂದುಕೊಳ್ಳಿ. 20 ಅನ್ನುವುದು 30ರ ಶೇ. 67. ಅದು ಶೇ. 80ಕ್ಕಿಂತ ಕಡಿಮೆ, ಅಂದರೆ ಆ ಹಂತದಲ್ಲಿ ಏನೋ ಇದೆ, ನೋಡಿ ಅಂತ ಅರ್ಥ. ತಪ್ಪು ಮಾಡಿದ್ದೀರಿ ಅಂತ ಅಲ್ಲ. ಕೊನೆಯ ಆಯ್ಕೆಯನ್ನು ಮಾತ್ರ ಲೆಕ್ಕ ಹಾಕಿದರೆ ಏನೂ ತಿಳಿಯಲ್ಲ. ಅರ್ಜಿ, ಶಾರ್ಟ್‌ಲಿಸ್ಟ್, ಫೋನ್, ಇಂಟರ್‌ವ್ಯೂ, ಆಫರ್, ಹಂತ ಹಂತಕ್ಕೂ ಹಾಕಬೇಕು. ಅರ್ಜಿದಾರರು ತಾವಾಗಿ ಹೇಳಿಕೊಂಡ ವಿವರ ಎಚ್‌ಆರ್ ಹತ್ತಿರ ಬೇರೆ ಇರುತ್ತದೆ, ಆಯ್ಕೆ ಮಾಡುವವರಿಗೆ ಕಾಣಲ್ಲ, ಅವರೇ ಲೆಕ್ಕ ಹಾಕಿ ನನಗೆ ಹೇಳುತ್ತಿದ್ದರು. ನಮ್ಮಲ್ಲಿ ಸೋರುತ್ತಿದ್ದದ್ದು ಶಾರ್ಟ್‌ಲಿಸ್ಟಿನಲ್ಲಿ. ಅಂದರೆ ನನ್ನ ಆ ಅರ್ಧ ನಿಮಿಷದಲ್ಲಿ.

ಇದೇ ಹೊತ್ತಿಗೆ ಮಗಳ ಹೈಸ್ಕೂಲ್ ಅಡ್ಮಿಷನ್ ಬಂತು. ಅಲ್ಲಿ ನಾನು ಮೇಜಿನ ಈಚೆ ಕಡೆ. ಶಿಕಾಗೊದ ಸರ್ಕಾರಿ ಶಾಲೆಗಳಲ್ಲಿ ಪರೀಕ್ಷೆ ಬರೆದು ಸೇರುವ ಕೆಲವು ಒಳ್ಳೆ ಹೈಸ್ಕೂಲುಗಳಿವೆ. ಮೊದಲು ಅಲ್ಲಿ ಒಂದು ಕೋರ್ಟ್ ಆದೇಶದಂತೆ ಜನಾಂಗ ನೋಡಿ ಸೀಟು ಹಂಚುತ್ತಿದ್ದರು. 2009ರಲ್ಲಿ ಆ ಕೋರ್ಟ್ ಆದೇಶ ಕೊನೆಗೊಂಡ ಮೇಲೆ ನಗರದ ಬಡಾವಣೆಗಳನ್ನು ನಾಲ್ಕು ಟಿಯರ್, ಅಂದರೆ ಶ್ರೇಣಿ ಮಾಡಿದರು. ಆದಾಯ, ಪೋಷಕರ ಓದು, ಸ್ವಂತ ಮನೆ ಎಷ್ಟು ಜನಕ್ಕಿದೆ, ಹೀಗೆ ಕೆಲವು ಅಂಶ ನೋಡಿ. ಶೇ. 30 ಸೀಟು ಬರೀ ಅಂಕದ ಮೇಲೆ, ಉಳಿದ ಶೇ. 70 ನಾಲ್ಕು ಟಿಯರಿಗೂ ಸಮ. ನಾವು ನಾಲ್ಕನೇ ಟಿಯರ್, ಅಂದರೆ ಉಳ್ಳವರ ಕಡೆ. ಸೀಟಿಗೆ ಅಂಕ ಜಾಸ್ತಿ ಬೇಕು.

ಆಫೀಸಿನಲ್ಲಿ ಇಷ್ಟೆಲ್ಲ ಮಾಡಿದವನು ಮನೆಯಲ್ಲಿ ಕೂಗಾಡಿದೆ. ನಮ್ಮ ಮಗುವಿಗೆ ಅನ್ಯಾಯ, ಮೆರಿಟ್‌ಗೆ ಬೆಲೆ ಇಲ್ಲ, ಮೀಸಲಾತಿ ಇಲ್ಲಿಗೂ ಬಂತು. ಹೆಂಡತಿ ಅಡುಗೆಮನೆಯಿಂದಲೇ, 'ರೀ, ಕೋಚಿಂಗಿಗೆ ಎರಡು ವರ್ಷ ದುಡ್ಡು ಕಟ್ಟಿದ್ವಲ್ಲ, ಅದು ಯಾರ ಮೆರಿಟ್ಟು?' ಅಂದಳು. ಉತ್ತರ ಹೊಳೆಯಲಿಲ್ಲ.

ಕಾಲೇಜು ಅಡ್ಮಿಷನ್ ವಿಷಯಕ್ಕೆ ಬಂದರೆ ನಮ್ಮ ಜನರ ಮಾತು ಇನ್ನೂ ಜೋರು. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಕೇಸಿನಲ್ಲಿ, ಅಡ್ಮಿಷನ್ನಿಗೆ ಜನಾಂಗ ನೋಡುವ ಪದ್ಧತಿಯನ್ನು ತಳ್ಳಿಹಾಕಿತು. ಏಷ್ಯನ್ ಮಕ್ಕಳಿಗೆ ಹಾರ್ವರ್ಡಿನಲ್ಲಿ ಅನ್ಯಾಯ ಆಗುತ್ತಿದೆ ಅನ್ನುವುದು ಆ ಕೇಸಿನ ಮುಖ್ಯ ವಾದ. ಅದರಲ್ಲಿ ಯೋಚಿಸಬೇಕಾದ ಸಂಗತಿಗಳಿದ್ದವು, ಇಲ್ಲ ಅನ್ನಲ್ಲ. ಆದರೆ ಅದೇ ಕೇಸಿನಿಂದ ಹೊರಬಂದ ಮಾಹಿತಿಯನ್ನು ಅರ್ಥಶಾಸ್ತ್ರಜ್ಞರು ಕೂಡಿಸಿ ನೋಡಿದಾಗ, ಹಾರ್ವರ್ಡಿಗೆ ಸೇರಿದ ಬಿಳಿ ಮಕ್ಕಳಲ್ಲಿ ಶೇ. 43ಕ್ಕಿಂತ ಹೆಚ್ಚು ಜನ ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು, ಅಧ್ಯಾಪಕರ ಮಕ್ಕಳು, ಇಲ್ಲವೇ ಡೀನ್ ವಿಶೇಷ ಪಟ್ಟಿಯವರು (ದೇಣಿಗೆ ಕೊಟ್ಟವರ ಕಡೆಯ ಮಕ್ಕಳು ಇತ್ಯಾದಿ) ಅಂತ ಗೊತ್ತಾಯಿತು. ಕಪ್ಪು, ಏಷ್ಯನ್, ಹಿಸ್ಪ್ಯಾನಿಕ್ ಮಕ್ಕಳಲ್ಲಿ ಆ ಪಾಲು ಶೇ. 16ಕ್ಕಿಂತ ಕಡಿಮೆ. ಅಪ್ಪ ಓದಿದ ಕಾಲೇಜು ಅಂತ ಸಿಗುವ ಆ ಸೀಟಿಗೆ ತೀರ್ಪು ಕೈ ಹಾಕಲಿಲ್ಲ. ನನಗೆ ಅದು ಬೇರೇನೂ ಅನಿಸಲಿಲ್ಲ, ರೆಫರಲ್ ಅನಿಸಿತು.

ನಾವು ಕಷ್ಟಪಟ್ಟು ಬಂದವರು ಅನ್ನುತ್ತೇವೆ. ಪಟ್ಟಿದ್ದೇವೆ. ಆದರೆ ನಮ್ಮನ್ನು ಸೋಸಿ ತಂದಿದ್ದಾರೆ ಅನ್ನುವುದೂ ನಿಜ. ಡಿಗ್ರಿ ಇದ್ದವರಿಗೇ ವೀಸಾ. ಭಾರತದಂಥ ದೇಶಗಳಿಗೆ ಬಾಗಿಲು ಸರಿಯಾಗಿ ತೆರೆದ ವಲಸೆ ಕಾಯ್ದೆ ಬಂದಿದ್ದು 1965ರಲ್ಲಿ, ಕಪ್ಪು ಜನ ಬೀದಿಯಲ್ಲಿ ಹೊಡೆತ ತಿಂದು ತಂದ 1964ರ ಕಾಯ್ದೆಯ ಮರುವರ್ಷ. ಅದೇ ಗಾಳಿಯಲ್ಲಿ ತೆರೆದ ಬಾಗಿಲು ನಮ್ಮದು.

2025ರಲ್ಲಿ ಹವೆ ಬದಲಾಯಿತು. ಗ್ರಿಗ್ಸ್ ಕೇಸಿನ ಆ ತತ್ವವನ್ನು ಆದಷ್ಟು ಬಳಸಬೇಡಿ ಅಂತ ಏಪ್ರಿಲ್‌ನಲ್ಲಿ ಅಧ್ಯಕ್ಷರ ಆದೇಶವೇ ಬಂತು. ಕಾಯ್ದೆ ಇನ್ನೂ ಇದೆ, 1991ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಆ ತತ್ವವನ್ನು ಕಾಯ್ದೆಯ ಒಳಗೇ ಬರೆದಿದೆ. ಆದರೂ ನಮ್ಮ ಕಂಪನಿಯ ವಕೀಲರು ಗಾಬರಿಯಾಗಿ ನಾಲ್ಕೈದು ಪದಗಳನ್ನು ದಾಖಲೆಗಳಿಂದ ತೆಗೆಸಿದರು. ತೆಗೆದೆ. ಆರು ಪ್ರಶ್ನೆ, ಮುಚ್ಚಿದ ವಿಳಾಸ, ಮೊದಲೇ ಬರೆಯುವ ಅಂಕ, ಇವು ಹಾಗೇ ಉಳಿದವು. ಎಲ್ಲರಿಗೂ ಒಂದೇ ಥರ ಮಾಡುವುದನ್ನು ಬೇಡ ಅನ್ನುವುದಕ್ಕೆ ಅವರಿಗೆ ಕಾರಣ ಸಿಗಲಿಲ್ಲ.

ಈಗ ಟೀಮಿನಲ್ಲಿ ಹನ್ನೊಂದು ಜನ. ಆ ಹೆಲ್ಪ್‌ಡೆಸ್ಕ್ ಹುಡುಗಿ ಈಗ ಹೊಸಬರಿಗೆ ಲಾಗ್ ಓದುವುದು ಹೇಳಿಕೊಡುತ್ತಾಳೆ. ಕಳೆದ ವರ್ಷ ಅಣ್ಣ ಫೋನ್ ಮಾಡಿದರು. 'ಏನಪ್ಪಾ, ನಮ್ಮ ಮಗನ ರೆಸ್ಯೂಮ್ ಕಳಿಸ್ತೀನಿ, ಒಂದು ಸಾಲು ಬರೆದು ಮುಂದಕ್ಕೆ ಹಾಕು.' ಫಾರ್ಮಿನ ಲಿಂಕ್ ಕಳಿಸ್ತೀನಿ ಅಣ್ಣ, ಅದರಲ್ಲಿ ತುಂಬಲಿ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ನಿನ್ನದಕ್ಕೆ ನಾನು ಲಿಂಕ್ ಕಳಿಸಿರಲಿಲ್ಲ ಅಂದರು. ಹುಡುಗ ತುಂಬಿದ, ಇಂಟರ್‌ವ್ಯೂವರೆಗೂ ಬಂದ, ಮೂರನೇ ಸ್ಥಾನ ಬಂತು. ಬೇಕಿದ್ದದ್ದು ಇಬ್ಬರು. ಅಣ್ಣ ಈಗ ಫೋನ್ ಮಾಡುವುದಿಲ್ಲ.